ಪಟ್ಟಿಯಲ್ಲೊಂದು ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಜರ್ಮನಿಯಲ್ಲಿ ಇದ್ದು ಬಂದವನು, ಅಲ್ಲಿನ ಅನುಭವ ಹೇಳು" ಎಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಸಾಫ್ಟ್‌ವೇರ್ ವಿಷಯ ಹೇಳಿದರೆ ನಿಮಗೂ ಬೇಸರ, ನನಗೂ ಬೇಸರ. ಸಂಬಳವಿಲ್ಲದೆ ಮಾಡಿದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ.

2017ರಲ್ಲಿ ನಾನು ಕಂಪನಿಯ ಕೆಲಸದ ಮೇಲೆ ಕಲೋನ್ ನಗರದಲ್ಲಿದ್ದೆ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ರೈನ್ ನದಿಯ ದಡದಲ್ಲಿ ಬಾನ್ ಸಿಗುತ್ತದೆ. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಪಶ್ಚಿಮ ಜರ್ಮನಿಯ ರಾಜಧಾನಿ ಅದು. ವಿಶ್ವಸಂಸ್ಥೆಯ ಹವಾಮಾನ ಕಚೇರಿ ಈಗ ಇರುವುದೂ ಅಲ್ಲಿಯೇ. ಆ ವರ್ಷ ನವೆಂಬರ್ 6ರಿಂದ 17ರವರೆಗೆ ಜಗತ್ತಿನ ಸರ್ಕಾರಗಳ ಹವಾಮಾನ ಸಮ್ಮೇಳನ ಬಾನ್‌ನಲ್ಲಿ ಸೇರಿತು. ಅಧ್ಯಕ್ಷತೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಫಿಜಿಯದು. ಸರ್ಕಾರಗಳು ಸೇರುವ ಮುಂಚೆ ಯುವಜನರು ಸೇರಿ ತಮ್ಮ ಮಾತು ಬರೆದು ಕೊಡುವ ರೂಢಿ 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಶುರುವಾಗಿತ್ತು. ಆ ಯುವ ಸಮ್ಮೇಳನದ 13ನೆಯದು ಬಾನ್‌ನಲ್ಲಿ ನವೆಂಬರ್ 2ರಿಂದ 4ರವರೆಗೆ, ಒಂದು ಶಾಲೆಯಲ್ಲಿ ನಡೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಅದರ ಸಿದ್ಧತೆಗೆ ಸ್ವಯಂಸೇವಕನಾಗಿ ಹೆಸರು ಕೊಟ್ಟೆ. ಶನಿವಾರ, ಭಾನುವಾರ ಅಲ್ಲೇ. ಕೊನೆಯ ವಾರ ರಜೆ ಹಾಕಿದೆ.

ಸಮ್ಮೇಳನ ಎಂದರೆ ನಮಗೆ ಕಾಣುವುದು ಭಾಷಣ, ಚಪ್ಪಾಳೆ, ಫೋಟೊ. ಒಳಗಿನ ಕೆಲಸ ನಮ್ಮೂರ ಮದುವೆ ಮನೆಯದ್ದೇ. ಎಷ್ಟು ಜನ, ಎಲ್ಲಿ ಮಲಗುತ್ತಾರೆ, ಯಾರು ಮಾಂಸ ತಿನ್ನುವುದಿಲ್ಲ, ಬೆಳಿಗ್ಗೆ ಬಾಗಿಲು ತೆರೆಯುವವರು ಯಾರು, ರಾತ್ರಿ ಕಸ ಹೊರುವವರು ಯಾರು. ಒಂದು ಪಾಳಿ ಪಟ್ಟಿ ಗೋಡೆಗೆ ಅಂಟಿಸಿರುತ್ತಿದ್ದರು. ಅಲ್ಲಿ ಹೆಸರು ಬರೆದ ಮೇಲೆ ಆ ಹೊತ್ತಿಗೆ ಅವನು ಅಲ್ಲಿರಬೇಕು, ಅಷ್ಟೇ.

ನನಗೆ ಬಂದದ್ದು ಹೆಸರುಗಳ ಕೆಲಸ. ಜರ್ಮನಿಗೆ ಬರಲು ವೀಸಾ ಬೇಕಾದವರಿಗೆ ನಾವು ಆಹ್ವಾನಪತ್ರ ಕಳಿಸಬೇಕಿತ್ತು. ಆಗಿನ ನಿಯಮದಂತೆ ಪ್ರಯಾಣಕ್ಕೆ 3 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ. 60 ಯೂರೋ ಶುಲ್ಕ, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ಯೂರೋಪಿನ ಹುಡುಗ ರೈಲು ಹತ್ತಿ ಬಂದುಬಿಡುತ್ತಾನೆ. ಕಡಲು ಏರಿ ಊರು ಕಳೆದುಕೊಳ್ಳುತ್ತಿರುವವರು, ಮಳೆ ಕೈಕೊಟ್ಟ ಹೊಲದವರು, ಯಾರ ಮಾತು ಅಲ್ಲಿ ಮೊದಲು ಕೇಳಬೇಕೋ ಅವರೇ ಇಷ್ಟೆಲ್ಲ ದಾಟಿ ಬರಬೇಕು. ಇಷ್ಟರ ಮೇಲೆ ಪತ್ರದಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದರೆ ಕೆಲಸ ಕೆಟ್ಟಿತು.

ಹೆಸರು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. ಇಂಡೋನೇಷ್ಯಾದಲ್ಲಿ ಎಷ್ಟೋ ಜನರಿಗೆ ಇರುವುದು ಒಂದೇ ಹೆಸರು. ಅಂಥ ಹುಡುಗನೊಬ್ಬ ಎರಡು ಕಾಲಂ ಖಾಲಿ ಬಿಡಬಾರದೆಂದು ತನ್ನ ಹೆಸರನ್ನೇ ಎರಡು ಸಲ ಬರೆದಿದ್ದ. ನಮ್ಮವರದು ಇನ್ನೊಂದು ಕಥೆ. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ ಆಗಿ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಜೊತೆಗಿದ್ದ ಜರ್ಮನ್ ಹುಡುಗಿ "ಈ 'ಕೆ' ಅಂದರೆ ಏನು?" ಎಂದು ಕೇಳಿದಳು. ಅದು ಮನೆತನದ ಹೆಸರಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಎಂದು ವಿವರಿಸಬೇಕಾಯಿತು. ಆಮೇಲೆ ಒಬ್ಬೊಬ್ಬರಿಗೂ ಮೇಲ್ ಮಾಡಿ, ಪಾಸ್‌ಪೋರ್ಟಿನ ಪುಟ ತರಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿಯೇ ಪತ್ರ ಕಳಿಸಿದೆವು.

ಆ ಕೆಲಸ ನನಗೆ ಹೊಸದೆನಿಸಲಿಲ್ಲ. ಹತ್ತನೇ ತರಗತಿಯಲ್ಲಿ ನಾಮಿನಲ್ ರೋಲ್ ಕಳಿಸುವ ಮುಂಚೆ ನಮ್ಮ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು, ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡು, "ನಿಮ್ಮಪ್ಪನ ಹೆಸರಿಗೆ ಕೊನೆಯಲ್ಲಿ 'ಪ್ಪ' ಇದೆಯೋ ಇಲ್ಲವೋ, ಮನೆಗೆ ಹೋಗಿ ಕೇಳಿಕೊಂಡು ಬಾ" ಎನ್ನುತ್ತಿದ್ದರು. ನಮಗೆ ಆಗ ಅದು ಕಾಟ. ಆ ಮಾರ್ಕ್ಸ್ ಕಾರ್ಡಿನ ಹೆಸರೇ ಮುಂದೆ ಬಿ.ಇ. ಪದವಿಗೆ, ಬ್ಯಾಂಕಿಗೆ, ಪಾಸ್‌ಪೋರ್ಟಿಗೆ ಬಂತು. ನನ್ನ ಕಾಗದಪತ್ರ ಎಲ್ಲಿಯೂ ನಿಲ್ಲದೆ ಹೋದದ್ದು ಅವರ ಆ ಒಂದು ಮಧ್ಯಾಹ್ನದಿಂದ.

ನವೆಂಬರ್ 1, ಇಲ್ಲಿ ರಾಜ್ಯೋತ್ಸವ. ಅಲ್ಲಿಯೂ ಅಂದು ಸಕಲ ಸಂತರ ದಿನದ ಸರ್ಕಾರಿ ರಜೆ. ಇಡೀ ದಿನ ಶಾಲೆಯ ಬೆಂಚು ಹೊತ್ತೆವು. ಹೊರುವ ಮುಂಚೆ ಪ್ರತಿ ಕೋಣೆಯ ಫೋಟೊ ತೆಗೆದು ಬಾಗಿಲಿಗೆ ಅಂಟಿಸಿದರು. ಸಮ್ಮೇಳನ ಮುಗಿದ ಮೇಲೆ ಬೆಂಚುಗಳು ಅದೇ ಜಾಗಕ್ಕೆ ಬರಬೇಕು, ಸೋಮವಾರ ಬರುವ ಮಕ್ಕಳಿಗೆ ವ್ಯತ್ಯಾಸ ಕಾಣಬಾರದು. ಬೆಂಚು ಹೊರುವವರಲ್ಲಿ ಕಾಲೇಜು ಹುಡುಗರ ಜೊತೆ ನಿವೃತ್ತರೂ ಇದ್ದರು. ಆ ದೇಶದಲ್ಲಿ ದೊಡ್ಡ ನಗರಗಳನ್ನು ಬಿಟ್ಟರೆ ಬೆಂಕಿ ಆರಿಸಲು ಓಡುವವರೂ ಹೆಚ್ಚಾಗಿ ಊರಿನ ಸ್ವಯಂಸೇವಕರೇ. 2011ರಲ್ಲಿ ಕಡ್ಡಾಯ ಸೈನ್ಯಸೇವೆ ನಿಲ್ಲಿಸಿದಾಗ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಲು ಸರ್ಕಾರವೇ ಸ್ವಯಂಸೇವೆಯ ಯೋಜನೆ ತಂದಿತು.

ಇಂಡೋನೇಷ್ಯಾದ ಹುಡುಗ ಬಂದ. ಕುತ್ತಿಗೆಯ ಕಾರ್ಡಿನಲ್ಲಿ ಹೆಸರು ಒಂದೇ ಸಲ ಇತ್ತು, ನೋಡಿ ನಕ್ಕ. ಎಲ್ಲರೂ ಬರಲಿಲ್ಲ. ಆಫ್ರಿಕಾದ ಒಬ್ಬ ಯುವ ರೈತನ ಪತ್ರದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ವೀಸಾ ಮಾತ್ರ ಬರಲಿಲ್ಲ. ಮೂರನೇ ದಿನ ಸಂಜೆಯೂ ಅವನ ಕಾರ್ಡು ಮೇಜಿನ ಮೇಲೆಯೇ ಇತ್ತು. ಅವನು ಬರೆದು ಕಳಿಸಿದ್ದನ್ನು ಅವನ ದೇಶದ ಇನ್ನೊಬ್ಬಳು ಗುಂಪಿನಲ್ಲಿ ಓದಿದಳು. ನಮ್ಮ ಕೈಲಿ ಇಲ್ಲದ್ದು ಬಹಳ ಇರುತ್ತದೆ. ಕೈಲಿರುವುದನ್ನಾದರೂ ಸರಿಯಾಗಿ ಮಾಡಬೇಕು ಎಂಬುದು ಆ ಕಾರ್ಡು ನೋಡಿದಾಗ ಗಟ್ಟಿಯಾಯಿತು. ವೇದಿಕೆಯಲ್ಲಿ ಯಾರು ಮಾತಾಡುತ್ತಾರೆ ಎಂಬುದು ತಿಂಗಳುಗಳ ಮುಂಚೆ, ಯಾರೋ ಪಟ್ಟಿ ನೋಡುವ ಮೇಜಿನಲ್ಲಿ ಅರ್ಧ ತೀರ್ಮಾನವಾಗಿರುತ್ತದೆ.

ಅದಕ್ಕೇ ಒಂದು ವಿನಂತಿ. ಈ ಶಾಲೆಯ ಮಕ್ಕಳಿಗೆ ಪುಸ್ತಕ, ಬ್ಯಾಗು ಕೊಡೋಣ, ಸಂತೋಷ. ಅದರ ಜೊತೆಗೆ ಪ್ರತಿ ವರ್ಷ ನಾಮಿನಲ್ ರೋಲ್ ಹೋಗುವ ಮುಂಚೆ ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳು ಬಂದು ಕೂರೋಣ. ದಾಖಲಾತಿ ಪುಸ್ತಕ, ಆಧಾರ್, ಜನನ ಪತ್ರ ಎದುರಿಟ್ಟುಕೊಂಡು, ತಂದೆ-ತಾಯಿಯನ್ನೂ ಕರೆಸಿ, ಹತ್ತನೇ ತರಗತಿಯ ಪ್ರತಿ ಮಗುವಿನ ಹೆಸರು, ಹುಟ್ಟಿದ ದಿನ ಹೊಂದುತ್ತದೆಯೇ ನೋಡೋಣ. ಶಿಕ್ಷಕರ ಹೊರೆಯೂ ಇಳಿಯುತ್ತದೆ. ನನ್ನ ಬ್ಯಾಚಿನ ಆರು ಜನ ಒಪ್ಪಿದ್ದೇವೆ. ಪಾಳಿ ಪಟ್ಟಿಯನ್ನು ಆಫೀಸಿನ ಬಾಗಿಲ ಪಕ್ಕ ಅಂಟಿಸಿದ್ದೇನೆ, ಪೆನ್ನೂ ಕಟ್ಟಿದ್ದೇನೆ. ಊಟಕ್ಕೆ ಹೋಗುವಾಗ ದಯವಿಟ್ಟು ಹೆಸರು ಬರೆಯಿರಿ.