ಊರ ಹೆಸರಿನಲ್ಲಿ ಉಳಿದ ನೀರು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಇಂದು ಕಣ್ಣೆದುರು ನಿಲ್ಲುವುದು ತೆಂಗಿನ ತೋಟ, ಕೊಬ್ಬರಿ ಮಾರುಕಟ್ಟೆ. ಆದರೆ ಈ ಸೀಮೆಯ ಊರುಗಳ ಹೆಸರಿನಲ್ಲಿ ಪದೇ ಪದೇ ಕೇಳಿಬರುವುದು ತೆಂಗಲ್ಲ; ನೀರು ಮತ್ತು ದನ.

ನೊಣವಿನಕೆರೆ, ಶೆಟ್ಟಿಕೆರೆ, ಕಂದಿಕೆರೆ, ಹಂದನಕೆರೆ, ಗೋಡೆಕೆರೆ: ಇವೆಲ್ಲ ಕೆರೆಯ ಹೆಸರನ್ನೇ ಹೊತ್ತ ಊರುಗಳು. ಮಾಯಸಂದ್ರ, ಬಾಣಸಂದ್ರಗಳ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ. ಕಡಲಿನಿಂದ ಬಹುದೂರದ ಈ ಬಯಲುಸೀಮೆಯಲ್ಲಿ ಹಿರಿಯರು ಸಮುದ್ರವೆಂದು ಕರೆದದ್ದು ದೊಡ್ಡ ಕೆರೆಯನ್ನು. ‘ತುರು’ ಎಂದರೆ ಹಳಗನ್ನಡದಲ್ಲಿ ಹಸು. ತುರುವೇಕೆರೆಯನ್ನು ತುರುಗಳ ಕೆರೆಯೆಂದು ಬಿಡಿಸುವುದು ವಾಡಿಕೆ. ವೀರಗಲ್ಲುಗಳ ಶಾಸನಗಳಲ್ಲಿ ಬರುವ ‘ತುರುಗೊಳ್’ ಎಂಬುದು ದನಗಳನ್ನು ಸೆರೆಹಿಡಿದೊಯ್ಯುವುದನ್ನು ಹೇಳುತ್ತದೆ. ಕಾಡುಗೊಲ್ಲರ ‘ಹಟ್ಟಿ’ಯು ದನಕುರಿಗಳೊಡನೆ ಬಾಳುವ ನೆಲೆ, ‘ಕಾವಲು’ ಮೇವಿಗಾಗಿ ಕಾದಿರಿಸಿದ ಹುಲ್ಲುನೆಲ.

ಎಲ್ಲ ಹೆಸರುಗಳೂ ನೆಲವನ್ನೇ ಹೇಳುವುದಿಲ್ಲ. ಚಿಕ್ಕನಾಯಕನಹಳ್ಳಿಯು ಹಾಗಲವಾಡಿ ಪಾಳೆಯಗಾರರ ಮನೆತನದ ನಾಯಕನೊಬ್ಬನ ಹೆಸರನ್ನು ಹೊತ್ತಿದೆ. ಆದುದರಿಂದ ಕಿವಿಗೆ ಹಿತವಾದ ಅರ್ಥವನ್ನೇ ನಂಬದೆ ಶಾಸನದಲ್ಲಿರುವ ಹಳೆಯ ರೂಪದೊಡನೆ ಹೋಲಿಸಬೇಕು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವು (1904) ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ.

ಈ ವಿಚಾರ ಬೇಸಾಯಕ್ಕೂ ಸಂಬಂಧಿಸಿದ್ದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳನ್ನು ಬಲ್ಲವರಿಗೆ ನೀರಿನ ದಾರಿಯೂ ತಿಳಿದಿರುತ್ತದೆ. ಏರಿಯ ಕೆಳಗಿನ ತೋಟವನ್ನು ಹಸಿಯಾಗಿಟ್ಟಿದ್ದು ಕೆರೆಯಿಂದ ಜಿನುಗುವ ನೀರು. ಕೆರೆಗೆ ಬರುವ ಹಳ್ಳ ಮುಚ್ಚಿದರೆ ಕೆರೆ ತುಂಬದು. ಅಂತರ್ಜಲ ಕುಸಿದು ಕೊಳವೆಬಾವಿ ಬತ್ತುತ್ತದೆ. ತೇವ ಸಾಲದ ತೆಂಗು ಹರಳು ಉದುರಿಸುತ್ತದೆ. ಹೆಸರಿನಲ್ಲಿ ಕೆರೆ, ಬಯಲಿನಲ್ಲಿ ಜಾಲಿ ಎಂಬಂತಾಗುತ್ತದೆ.

ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಅದಿರಿಗಾಗಿ ಅಗೆದದ್ದನ್ನು ಈ ನಾಡು ಕಂಡಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಹಿಡಿಯಿತು. ಗುಡ್ಡ, ಕಣಿವೆ, ಹಳ್ಳಗಳ ಹೆಸರು ಬಲ್ಲ ಊರಿನವರು ಯಾವ ಕೆರೆಗೆ ಎಲ್ಲಿಂದ ನೀರು ಬರುತ್ತಿತ್ತೆಂದು ಬೊಟ್ಟುಮಾಡಿ ತೋರಿಸಬಲ್ಲರು. ಸರ್ವೆ ನಂಬರನ್ನಷ್ಟೇ ಬಲ್ಲವರಿಂದ ಅದು ಆಗದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಹಟ್ಟಿಯ, ಊರಿನ ಅಜ್ಜ ಅಜ್ಜಿಯರೊಡನೆ ನಡೆದು, ಪ್ರತಿಯೊಂದು ಕಟ್ಟೆ, ಕುಂಟೆ, ಹಳ್ಳದ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು. ಗ್ರಾಮನಕ್ಷೆಯಲ್ಲಿ ಗುರುತಿಸಿ ಗ್ರಾಮಸಭೆಯ ಮುಂದಿಡಬೇಕು. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.