ಒಂದಕ್ಷರದ ದೋಷ, 18 ಕೋಟಿಯ ಮದ್ದು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಕೆಲವು ಮಕ್ಕಳಿಗೆ ಇದ್ದಕ್ಕಿದ್ದಂತೆ ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು ಶುರುವಾಗುತ್ತದೆ. ಏಟು ಬಿದ್ದಿರುವುದಿಲ್ಲ, ಎಷ್ಟೋ ಸಲ ಜ್ವರವೂ ಇರುವುದಿಲ್ಲ. ಆಡುತ್ತಿದ್ದ ಮಗು ಮುದುಡಿ ಮಲಗಿಬಿಡುತ್ತದೆ. ಇದು ಸಿಕಲ್ ಸೆಲ್ ಅನೀಮಿಯಾ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಬಿಳಿಗಿರಿ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಹಳ ಕಾಲದಿಂದ ಈ ಕಾಯಿಲೆಯ ವಿರುದ್ಧ ಕೆಲಸ ಮಾಡುತ್ತ ಬಂದಿದೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಸೂಚನೆ ವಂಶವಾಹಿಯಲ್ಲಿ, ಅಂದರೆ ಜೀನ್‌ನಲ್ಲಿ ಇರುತ್ತದೆ. ಈ ಮಕ್ಕಳಲ್ಲಿ ಆ ಬರಹದ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟರಿಂದಲೇ ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿಕೊಂಡು ನಾರಾಗುತ್ತದೆ. ದುಂಡಗಿನ ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ರಕ್ತ ಹೋಗದ ಜಾಗದಲ್ಲೆಲ್ಲ ನೋವು.

ಆದರೆ ಈ ಕಾಯಿಲೆಯೊಂದಿಗೇ ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಮಗುವಿನ ದೇಹ ಮಾಡಿಕೊಳ್ಳುವ ಹಿಮೋಗ್ಲೋಬಿನ್ ಬೇರೆ ಬಗೆಯದು, ಅದರಲ್ಲಿ ಈ ದೋಷವಿಲ್ಲ. ಹುಟ್ಟಿದ ಮೇಲೆ ಅದರ ತಯಾರಿಕೆ ನಿಧಾನವಾಗಿ ನಿಂತುಹೋಗುತ್ತದೆ. ಅದನ್ನು ನಿಲ್ಲಿಸುವ ಕೆಲಸ ಬಿಸಿಎಲ್11ಎ ಎಂಬ ಇನ್ನೊಂದು ಜೀನ್‌ನದು. ಆ ಜೀನನ್ನೇ ಸುಮ್ಮನಾಗಿಸಿದರೆ ಹೇಗೆ ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಕ್ಯಾಸ್ಗೆವಿ. ಜೀನ್ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ತಯಾರಾಗಿ ಸರ್ಕಾರಿ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಚಿಕಿತ್ಸೆ ಇದು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟವು.

ಇದು ಒಂದು ಇಂಜೆಕ್ಷನ್ನಿನಲ್ಲಿ ಮುಗಿಯುವ ಕೆಲಸವಲ್ಲ. ಮೊದಲು ರೋಗಿಯ ಮೂಳೆಮಜ್ಜೆಯ ಕಾಂಡಕೋಶಗಳನ್ನು ಔಷಧಿ ಕೊಟ್ಟು ರಕ್ತಕ್ಕೆ ಇಳಿಸಿ, ಯಂತ್ರದ ಮೂಲಕ ಸೋಸಿ ತೆಗೆಯುತ್ತಾರೆ. ಆ ಕೋಶಗಳು ಕಾರ್ಖಾನೆಗೆ ಹೋಗಿ, ತಿದ್ದುಪಡಿಯಾಗಿ, ಪರೀಕ್ಷೆಯಾಗಿ ಬರಲು ಆರು ತಿಂಗಳವರೆಗೂ ಹಿಡಿಯಬಹುದು. ಆಮೇಲೆ ಬರುವುದೇ ಕಷ್ಟದ ಘಟ್ಟ. ಹೊಸ ಕೋಶಗಳಿಗೆ ಜಾಗ ಮಾಡಿಕೊಡಲು ಹಳೆಯ ಮಜ್ಜೆಯನ್ನು ಕೀಮೊಥೆರಪಿಯಿಂದ ನಾಶಮಾಡಬೇಕು. ಬಾಯಿ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ, ಸೋಂಕಿನ ಭಯದಲ್ಲಿ ವಾರಗಟ್ಟಲೆ ಆಸ್ಪತ್ರೆಯ ಕೋಣೆಯಲ್ಲೇ ಇರಬೇಕು. ಮುಂದೆ ಮಕ್ಕಳಾಗದೆ ಹೋಗುವ ಸಾಧ್ಯತೆಯೂ ಉಂಟು. ಇಷ್ಟೆಲ್ಲ ಆದ ಮೇಲೆ ಸಿಕ್ಕ ಫಲ ದೊಡ್ಡದು. ಪ್ರಯೋಗದಲ್ಲಿ ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ಸತತವಾಗಿ ಆ ಭೀಕರ ನೋವು ಮರುಕಳಿಸಲಿಲ್ಲ. ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದವರ ಪಾಲಿಗೆ ಇದು ಮರುಹುಟ್ಟೇ ಸರಿ.

ಇಲ್ಲಿಗೆ ಬರುವ ದಾರಿಯಲ್ಲಿ ಜೀವಗಳು ಹೋಗಿವೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗವೊಂದರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ತೀರಿಕೊಂಡ. ಅವನಿಗಿದ್ದ ಯಕೃತ್ತಿನ ಕಾಯಿಲೆ ಪಥ್ಯ ಮತ್ತು ಮಾತ್ರೆಗಳಿಂದ ಹಿಡಿತದಲ್ಲಿತ್ತು. ಮುಂದೆ ಹುಟ್ಟುವ ಮಕ್ಕಳಿಗೆ ಉಪಕಾರವಾಗಲಿ ಎಂದು ತಾನಾಗಿ ಮುಂದೆ ಬಂದಿದ್ದ. ಸರಿಯಾದ ಜೀನನ್ನು ದೇಹದೊಳಗೆ ಒಯ್ಯಲು ಬಳಸಿದ ವೈರಸ್ಸಿನ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ನಿಂತಿತು, ನಾಲ್ಕೇ ದಿನದಲ್ಲಿ ಹುಡುಗ ಹೋದ. ಅದೇ ಬಗೆಯ ಪ್ರಯೋಗದಲ್ಲಿ ಮಂಗಗಳು ಸತ್ತಿದ್ದ ಸಂಗತಿ ಅವನ ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ ಎಂಬುದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು. ವೈರಸ್ಸಿನ ತಪ್ಪಿಗಿಂತ ಇದು ದೊಡ್ಡ ತಪ್ಪು.

ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ಇದೇ ಹೊತ್ತಿಗೆ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಜೀನ್ ಚಿಕಿತ್ಸೆ ಫಲಿಸಿತ್ತು. ಕೆಲವು ವರ್ಷಗಳಲ್ಲಿ ಅವರಲ್ಲಿ ನಾಲ್ವರಿಗೆ ರಕ್ತದ ಕ್ಯಾನ್ಸರ್ ಬಂತು, ಒಂದು ಮಗು ಉಳಿಯಲಿಲ್ಲ. ಸೇರಿಸಿದ ಜೀನ್ ಕ್ಯಾನ್ಸರಿಗೆ ಕಾರಣವಾಗಬಲ್ಲ ಜೀನ್‌ನ ಪಕ್ಕದಲ್ಲಿ ಹೋಗಿ ಕೂತಿತ್ತು. ಈಗಿನ ವಿಧಾನಗಳು ಎಷ್ಟೋ ಸುಧಾರಿಸಿವೆ. ಆದರೂ ಸಿಕಲ್ ಸೆಲ್‌ಗೆಂದೇ ಬಂದ ಲಿಫ್ಜೀನಿಯಾ ಎಂಬ ಇನ್ನೊಂದು ಚಿಕಿತ್ಸೆಯ ಮೇಲೆ ರಕ್ತದ ಕ್ಯಾನ್ಸರಿನ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು ಕಡ್ಡಾಯವಾಗಿ ಮುದ್ರಿಸುವಂತೆ ಮಾಡಿದ್ದಾರೆ.

ಇನ್ನು ಬೆಲೆ. ಕ್ಯಾಸ್ಗೆವಿಗೆ 2023ರಲ್ಲಿ ಅಮೆರಿಕದಲ್ಲಿ ನಿಗದಿಯಾದದ್ದು 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಪೋಡಿನ ಕುಟುಂಬದ ಮಾತಿರಲಿ, ಬೆಂಗಳೂರಿನ ದೊಡ್ಡ ಸಂಬಳದ ಮನೆಗೂ ಇದು ಎಟುಕುವುದಿಲ್ಲ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಒಬ್ಬ ರೋಗಿಗೆ ಕೊಡುವ ನೆರವಿನ ಮಿತಿ 50 ಲಕ್ಷ. ಹಾಗಾಗಿ ಇಂಥ ಚಿಕಿತ್ಸೆ ನಮ್ಮಲ್ಲೇ ತಯಾರಾಗದೆ ಬೇರೆ ದಾರಿಯಿಲ್ಲ, ಆ ಕೆಲಸ ನಡೆದೂ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ರೂಪಿಸಿದ ರಕ್ತದ ಕ್ಯಾನ್ಸರಿನ ಕಾರ್-ಟಿ ಎಂಬ ಜೀನ್ ಚಿಕಿತ್ಸೆ ವಿದೇಶಿ ಬೆಲೆಯ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಜೀನ್ ಚಿಕಿತ್ಸೆ ಪಡೆದ ಐವರು ಹಿಮೋಫಿಲಿಯಾ ರೋಗಿಗಳಲ್ಲಿ ರಕ್ತಸ್ರಾವ ನಿಂತ ವರದಿ 2024ರಲ್ಲಿ ಪ್ರಕಟವಾಯಿತು. ಸಿಕಲ್ ಸೆಲ್‌ಗೆ ದೆಹಲಿಯ ಸಿಎಸ್‌ಐಆರ್ ಸಂಸ್ಥೆ ಐಜಿಐಬಿ ಕ್ರಿಸ್ಪರ್ ಚಿಕಿತ್ಸೆಯೊಂದನ್ನು ಸಿದ್ಧಪಡಿಸುತ್ತಿದೆ, ಅದಕ್ಕೆ ಬಿರ್ಸಾ 101 ಎಂದು ಹೆಸರಿಟ್ಟಿದೆ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಗುಳಿಗೆಯೊಂದಿದೆ. 18 ಕೋಟಿಯ ಚಿಕಿತ್ಸೆ ಮಾಡುವ ಕೆಲಸವನ್ನೇ, ಅಂದರೆ ತಾಯಿಯ ಹೊಟ್ಟೆಯಲ್ಲಿದ್ದ ಕಾಲದ ಹಿಮೋಗ್ಲೋಬಿನ್ ಹೆಚ್ಚಿಸುವುದನ್ನು, ಇದೂ ತಕ್ಕಮಟ್ಟಿಗೆ ಮಾಡುತ್ತದೆ. ರೋಗ ಗುಣವಾಗುವುದಿಲ್ಲ, ನೋವಿನ ದಾಳಿಗಳು ಮಾತ್ರ ಕಡಿಮೆಯಾಗುತ್ತವೆ. ವೈದ್ಯರ ಕಣ್ಗಾವಲಿನಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ತೆಗೆದುಕೊಳ್ಳಬೇಕು. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನವರಿಗೆ ರಕ್ತ ಪರೀಕ್ಷೆ ನಡೆಯುತ್ತಿದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ದೋಷದ ಜೀನ್‌ನ ಒಂದು ಪ್ರತಿಯನ್ನು ಹೊತ್ತವರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಚಾಮರಾಜನಗರ, ಮೈಸೂರು, ಕೊಡಗಿನ ಗಿರಿಜನ ಕುಟುಂಬಗಳ ಕೇಳುಗರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮದುವೆಗೆ ಮುಂಚೆಯೇ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು.