ಉತ್ತರ ಇಂಗ್ಲೆಂಡಿನಲ್ಲಿ ಶನಿವಾರ, ಭಾನುವಾರ

ಇಂಗ್ಲೆಂಡೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ಲಂಡನ್ ನಗರ. ಅಲ್ಲಿಯ ಅರಮನೆಯನ್ನೂ ಸೇತುವೆಯನ್ನೂ ದೊಡ್ಡ ಗಡಿಯಾರವನ್ನೂ ಕಂಡುಬಂದವರು ಇಂಗ್ಲೆಂಡನ್ನೇ ಕಂಡುಬಂದೆವೆಂದು ಭಾವಿಸುವುದು ಸಹಜ. ನಾವು ಕೆಲವು ವರ್ಷ ಸಂಸಾರ ಹೂಡಿದ್ದುದಾದರೋ ಅಲ್ಲಿಂದ ಸುಮಾರು 190 ಮೈಲಿ ಉತ್ತರಕ್ಕೆ, ಯಾರ್ಕ್‌ಷೈರ್ ಸೀಮೆಯ ಲೀಡ್ಸ್ ಪಟ್ಟಣದಲ್ಲಿ. ಲಂಡನ್ನಿಗೆ ಬಂದ ಮಿತ್ರರು ಶನಿವಾರ, ಭಾನುವಾರಗಳ ಮಟ್ಟಿಗೆ ನಮ್ಮಲ್ಲಿಗೂ ಬರುವರು. ಅವರಿಗೆ ಏನನ್ನು ತೋರಿಸಬೇಕೆಂಬುದು ಪ್ರತಿ ಶುಕ್ರವಾರ ರಾತ್ರಿಯೂ ನಮ್ಮ ಮನೆಯಲ್ಲಿ ಏಳುತ್ತಿದ್ದ ಪ್ರಶ್ನೆ. ಆ ಸಂಚಾರಗಳ ವಿಚಾರವನ್ನೂ, ಅವು ಯಾರ ಪ್ರಯತ್ನದಿಂದ ಸಾಧ್ಯವಾದುವೆಂಬ ವಿಚಾರವನ್ನೂ ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ನೋಡತಕ್ಕ ಮೊದಲನೆಯ ವಸ್ತು ನಮ್ಮ ಬೀದಿಯೇ. ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುವುವು. ಮಗ್ಗುಲಿಗೆ ಮಗ್ಗುಲು ಮಾತ್ರವಲ್ಲದೆ ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ಮನೆಗಳೂ ಲೀಡ್ಸಿನಲ್ಲಿ ಸಾವಿರಾರಿವೆ. ಹಿತ್ತಿಲೆಂಬ ಮಾತೇ ಅವಕ್ಕಿಲ್ಲ. ಗಿರಣಿಯ ಕೆಲಸಗಾರರಿಗಾಗಿ ಎದ್ದ ಈ ಮನೆಗಳಲ್ಲಿ ಈಗ ವಿದ್ಯಾರ್ಥಿಗಳೂ ನಮ್ಮಂಥ ಪರದೇಶದವರೂ ವಾಸಮಾಡುತ್ತಾರೆ. ಅಂಗಡಿಗೆ ಹೋದರೆ ವ್ಯಾಪಾರ ಮಾಡುವಾಕೆ ಗಿರಾಕಿಯನ್ನು ‘ಲವ್’ ಎಂದು ಕರೆಯುತ್ತಾಳೆ. ಮೈಸೂರಿನಿಂದ ಬಂದ ನಮ್ಮ ಮಿತ್ರರೊಬ್ಬರು ಇದನ್ನು ಕೇಳಿ ಕಿವಿ ಕೆಂಪಗೆ ಮಾಡಿಕೊಂಡರು. ನಮ್ಮೂರಿನ ತರಕಾರಿಯವಳು ‘ತಗೊಳ್ಳಪ್ಪಾ’ ಎನ್ನುವಾಗ ಆ ‘ಅಪ್ಪ’ನಲ್ಲಿ ಎಷ್ಟು ಅರ್ಥವುಂಟೋ ಇದರಲ್ಲಿಯೂ ಅಷ್ಟೇ ಎಂದು ಸಮಾಧಾನ ಹೇಳಬೇಕಾಯಿತು. ‘ಟೀ’ ಎಂಬ ಮಾತಿನ ಸಂಗತಿಯೂ ಹೀಗೆಯೇ. ಆ ಕಡೆಯ ಅನೇಕ ಮನೆಗಳಲ್ಲಿ ಟೀ ಎಂದರೆ ಸಂಜೆಯ ಊಟ. ನೆರೆಮನೆಯ ವೃದ್ಧದಂಪತಿಗಳು ಟೀಗೆ ಕರೆದರೆಂದು, ಹೊಟ್ಟೆತುಂಬ ಅನ್ನ ಸಾರು ಉಂಡು ಹೊರಟ ನಮ್ಮ ಮಿತ್ರರು, ಅಲ್ಲಿ ಆಲೂಗೆಡ್ಡೆ, ಗಿಣ್ಣು, ಹಣ್ಣಿನ ಕಡುಬುಗಳ ತಟ್ಟೆಗಳನ್ನು ಕಂಡು ಕುಳಿತಲ್ಲಿಯೇ ನಿಟ್ಟುಸಿರು ಬಿಟ್ಟರು.

ಈಗ ಶನಿವಾರದ ವಿಚಾರ. ವಾರಕ್ಕೆರಡು ದಿನ ಬಿಡುವೆಂಬುದು ಸೂರ್ಯಚಂದ್ರರಂತೆ ತಾನಾಗಿ ಬಂದುದೆಂದು ತಿಳಿಯುವವರು ಹಲವರು. ಅದು ಹಾಗೆ ಬಂದುದಲ್ಲ. ಯಾರ್ಕ್‌ಷೈರ್, ಲಂಕಾಷೈರುಗಳ ಬಟ್ಟೆಗಿರಣಿಗಳಲ್ಲಿ ಚಿಕ್ಕ ಮಕ್ಕಳು ಕೂಡ ದಿನವೆಲ್ಲ ದುಡಿಯುತ್ತಿದ್ದ ಕಾಲವೊಂದಿತ್ತು. ದಿನಕ್ಕೆ ಹತ್ತೇ ಗಂಟೆ ಕೆಲಸವಿರಲೆಂದು ಅಲ್ಲಿಯ ಜನ ಎಷ್ಟೋ ವರ್ಷ ಹೋರಾಡಿದರು. 1850ರ ಕಾರ್ಖಾನೆಯ ಕಾಯಿದೆ, ಬಟ್ಟೆಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಯಬೇಕೆಂದು ವಿಧಿಸಿತು. ಅವರು ಎದ್ದುಹೋದಮೇಲೆ ಗಂಡಸರೊಬ್ಬರಿಂದಲೇ ಗಿರಣಿ ನಡೆಯುವುದುಂಟೆ? ಶನಿವಾರದ ಅರ್ಧ ರಜೆ ಎಲ್ಲರಿಗೂ ಹಬ್ಬಿತು. ಕಾಲ್ಚೆಂಡಿನ ಪಂದ್ಯಗಳು ಶನಿವಾರ ಮೂರು ಗಂಟೆಗೆ ಆರಂಭವಾಗುವ ಪದ್ಧತಿ ಬೆಳೆದುದು ಇದರಿಂದಲೇ. ಪೂರ್ತಿ ಎರಡು ದಿನದ ಬಿಡುವು ಸಾಮಾನ್ಯವಾಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಲೀಡ್ಸಿನಿಂದ ವಾಯವ್ಯಕ್ಕೆ ಹೋಗುವ ರೈಲಿನಲ್ಲಿ ಅತಿಥಿಗಳನ್ನು ಕಿಟಕಿಯ ಪಕ್ಕ ಕೂರಿಸುವುದು ನಮ್ಮ ನಿಯಮ. ಸ್ವಲ್ಪ ಹೊತ್ತಿಗೆಲ್ಲ ಟೈಟಸ್ ಸಾಲ್ಟನು 1853ರಲ್ಲಿ ತೆರೆದ ಸಾಲ್ಟೇರಿನ ಗಿರಣಿ ಕೋಟೆಯಂತೆ ಎದ್ದುಬರುತ್ತದೆ. ಕೆಲಸಗಾರರಿಗೆ ಆತ ಒಳ್ಳೆಯ ಮನೆಗಳನ್ನು ಕಟ್ಟಿಸಿಕೊಟ್ಟ, ಹೆಂಡದಂಗಡಿಯನ್ನು ಮಾತ್ರ ಊರೊಳಗೆ ಬಿಡಲಿಲ್ಲ. ಮುಂದೆ ಸೆಟಲ್ ಎಂಬ ಊರನ್ನು ದಾಟಿದರೆ ಹೊಲಗದ್ದೆಗಳು ಹಿಂದುಳಿಯುತ್ತವೆ. ಬೋಳುಬೆಟ್ಟಗಳು, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳು, ಕುರಿಗಳು, ಮಳೆ. ರಿಬಲ್‌ಹೆಡ್ಡಿನಲ್ಲಿ 24 ಕಮಾನುಗಳ ಸೇತುವೆಯೊಂದು ಕಣಿವೆಯ ನೆಲದಿಂದ 104 ಅಡಿ ಎತ್ತರದಲ್ಲಿ ರೈಲನ್ನು ಹೊತ್ತು ನಿಂತಿದೆ. 1870ರಿಂದ ಇದನ್ನು ಕಟ್ಟಿದ ಕೂಲಿಗಳು ಹೆಂಡಿರು ಮಕ್ಕಳೊಡನೆ ಆ ಜೌಗುನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಪಘಾತಗಳಿಂದಲೂ ಸಿಡುಬಿನಿಂದಲೂ ಮಡಿದವರು ಸಮೀಪದ ಚ್ಯಾಪೆಲ್-ಲೆ-ಡೇಲಿನ ಪುಟ್ಟ ಚರ್ಚಿನ ಅಂಗಳದಲ್ಲಿದ್ದಾರೆ. ಸೇತುವೆಯನ್ನು ನೋಡಿದವರು ಆ ಅಂಗಳವನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

1980ರ ದಶಕದಲ್ಲಿ ಈ ಮಾರ್ಗವನ್ನೇ ಮುಚ್ಚಬೇಕೆಂಬ ಪ್ರಯತ್ನ ನಡೆಯಿತು. ಸೇತುವೆ ಶಿಥಿಲವಾಗಿದೆ, ದುರಸ್ತಿಗೆ ಅಪಾರ ಹಣ ಬೇಕು, ಪ್ರಯಾಣಿಕರು ಕಡಿಮೆ ಎಂದು ರೈಲ್ವೆ ಆಡಳಿತದವರ ವಾದ. ಜನ ಸುಮ್ಮನಿರಲಿಲ್ಲ. 20,000ಕ್ಕೂ ಮಿಕ್ಕಿ ತಕರಾರುಗಳು ದಾಖಲಾದುವು. ಅವುಗಳಲ್ಲಿ ಒಂದು ರಸ್ವಾರ್ಪ್ ಎಂಬ ನಾಯಿಯದು! ಟಿಕೆಟ್ಟು ಪಡೆದು ಪ್ರಯಾಣಮಾಡುತ್ತಿದ್ದ ಪ್ರಾಣಿಯಾದ್ದರಿಂದ ಅದರ ಪಂಜಿನ ಗುರುತನ್ನೇ ರುಜುವೆಂದು ಅಂಗೀಕರಿಸಿದರು. 1989ರ ಏಪ್ರಿಲಿನಲ್ಲಿ ಸರ್ಕಾರ ಮಾರ್ಗವನ್ನು ಉಳಿಸುವುದಾಗಿ ಸಾರಿತು. ನಮ್ಮ ಮಿತ್ರರು ಚಿತ್ರಾನ್ನದ ಬುತ್ತಿ ಬಿಚ್ಚಿ ಕಮಾನುಗಳನ್ನು ಎಣಿಸುತ್ತ ಕುಳಿತುದು ಈ ತಕರಾರುದಾರರ ಪುಣ್ಯದಿಂದ.

ಇನ್ನೊಂದು ಸಲ ಬಂದ ಮಿತ್ರರೊಡನೆ ಅವರ ತಾಯಿಯವರೂ ಇದ್ದರು, ಎಪ್ಪತ್ತು ದಾಟಿದವರು. ಷೆಫೀಲ್ಡಿನಲ್ಲಿ ರೈಲು ಬದಲಾಯಿಸಿ ಈಡೇಲ್ ಎಂಬ ಕಣಿವೆಗೆ ಹೋದೆವು. ಅಲ್ಲಿಂದ ಕಾಲುದಾರಿ ಹೊಲಗಳನ್ನು ದಾಟಿ ಒಬ್ಬ ರೈತನ ಅಂಗಳದ ನಡುವೆಯೇ ಹಾದುಹೋಗುತ್ತದೆ. ಅಂಗಳದ ಬಾಗಿಲಲ್ಲಿ ತಾಯಿಯವರು ನಿಂತುಬಿಟ್ಟರು. “ಯಾರದೋ ಮನೆ ಕಣಪ್ಪಾ, ಹೇಳದೆ ಕೇಳದೆ ನುಗ್ಗುವುದೆ?” ಎಂದರು. ದಾರಿ ಸಾರ್ವಜನಿಕರದು, ದಾಟಿದಮೇಲೆ ಬಾಗಿಲನ್ನು ಮೊದಲಿದ್ದಂತೆ ಬಿಡಬೇಕು, ಕುರಿಗಳನ್ನು ಬೆದರಿಸಬಾರದು, ಅಷ್ಟೇ ಕಟ್ಟಳೆ ಎಂದು ತಿಳಿಸಿದೆವು. ಅವರು ಸೆರಗನ್ನು ಸರಿಪಡಿಸಿಕೊಂಡು, ಕಾಣದ ಯಜಮಾನನಿಗೊಂದು ನಮಸ್ಕಾರ ಮಾಡಿ ದಾಟಿದರು.

ಮುಂದೆ ತೊರೆಯ ಮೇಲಿನ ಹಳೆಯ ಕಲ್ಲುಸೇತುವೆಯ ಬಳಿ ಕುಳಿತೆವು. ಮೇಲೆ ಮೋಡದೊಳಗೆ ಕಿಂಡರ್ ಸ್ಕೌಟ್ ಬೆಟ್ಟ, ಎತ್ತರ 2,087 ಅಡಿ. ಅಂದಿನ ದಿನ ಆ ಬೆಟ್ಟ ಶ್ರೀಮಂತರು ಗ್ರೌಸ್ ಹಕ್ಕಿಯನ್ನು ಬೇಟೆಯಾಡುವ ಸ್ಥಳ; ವರ್ಷದಲ್ಲಿ ಕೆಲವೇ ದಿನದ ಬೇಟೆಗೋಸ್ಕರ ಉಳಿದ ದಿನಗಳಲ್ಲಿಯೂ ಜನರನ್ನು ದೂರವಿಡುತ್ತಿದ್ದರು. 1932ರ ಏಪ್ರಿಲ್ 24, ಭಾನುವಾರ, ಬೆಟ್ಟದ ಆಚೆಯ ಮಗ್ಗುಲಿನ ಹೇಫೀಲ್ಡಿನಿಂದ ಮ್ಯಾಂಚೆಸ್ಟರಿನ ನೂರಾರು ಕೆಲಸಗಾರ ತರುಣರು ಅಪ್ಪಣೆ ಕೇಳದೆ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಇಪ್ಪತ್ತು ವರ್ಷ. ಬೇಟೆಗಾವಲಿನವರೊಡನೆ ಕೈಕೈ ಮಿಲಾಯಿಸಿತು. ಐವರಿಗೆ ಎರಡರಿಂದ ಆರು ತಿಂಗಳ ಸೆರೆಯಾಯಿತು. ಬರಿಯ ನಡಿಗೆಗೆ ಇಷ್ಟು ಶಿಕ್ಷೆಯೆ ಎಂದು ದೇಶದಲ್ಲಿ ಹಲವರಿಗೆ ಮರುಕ ಹುಟ್ಟಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ. 1951ರಲ್ಲಿ ಈ ಸೀಮೆಯೇ ಮೊದಲನೆಯ ಉದ್ಯಾನ. 2000ದ ಕಾಯಿದೆಯಿಂದ ಬೆಟ್ಟಬಯಲುಗಳಲ್ಲಿ ಇಚ್ಛೆಬಂದಂತೆ ಅಡ್ಡಾಡುವ ಹಕ್ಕು. ಅಂದಿನ ಒಡೆಯರ ವಂಶದವರಾದ ಡೆವನ್‌ಷೈರಿನ ಡ್ಯೂಕರು 2002ರಲ್ಲಿ, ಘಟನೆ ನಡೆದು ಎಪ್ಪತ್ತು ವರ್ಷವಾದಾಗ, ಬಹಿರಂಗವಾಗಿ ಕ್ಷಮೆ ಬೇಡಿದರು.

ಇದನ್ನೆಲ್ಲ ತಾಯಿಯವರು ಮೊಸರನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಸೆರೆಗೆ ಹೋದ ಹುಡುಗರ ತಾಯಂದಿರ ಗತಿಯೇನಾಯಿತೆಂದು ವಿಚಾರಿಸಿದರು, ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗಾದರೆ ಈಗ ಈ ದೇಶದ ನೆಲದಲ್ಲೆಲ್ಲ ಹೀಗೆ ಅಡ್ಡಾಡಬಹುದೋ ಎಂದು ಕೇಳಿದರು. ಕಾಲುದಾರಿಗಳು ಎಲ್ಲೆಡೆಯೂ ಇವೆ, ದಾರಿ ಬಿಟ್ಟು ಸ್ವೇಚ್ಛೆಯಾಗಿ ನಡೆಯಲು ಕಾಯಿದೆ ತೆರೆದಿರುವುದು ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಮಾತ್ರ ಎಂದೆವು.

“ಮಿಕ್ಕ ತೊಂಬತ್ತೆರಡಕ್ಕೆ ಹುಡುಗರು ಹೊರಟಿದ್ದಾರೇನು?” ಎಂದರು ತಾಯಿಯವರು.

ಹೊರಟಿದ್ದಾರೆ, ಇನ್ನಷ್ಟು ನೆಲ ತೆರೆಯಬೇಕೆಂದು ಕೇಳುವವರು ಇಂದಿಗೂ ಇದ್ದಾರೆ ಎಂದು ಹೇಳುತ್ತಿರುವಾಗಲೇ ಮಳೆ ಹಿಡಿಯಿತು. ಡಬ್ಬಿಗಳನ್ನು ಕಟ್ಟಿಕೊಂಡು ನಿಲ್ದಾಣದ ಕಡೆಗೆ ನಡೆದೆವು. ರೈತನ ಅಂಗಳ ಬಂದಾಗ ತಾಯಿಯವರು ತಾವೇ ಮುಂದಾಗಿ ಬಾಗಿಲನ್ನು ತೆರೆದು, ನಾವೆಲ್ಲ ದಾಟುವವರೆಗೆ ಹಿಡಿದಿದ್ದು, ಅಗುಳಿಯನ್ನು ಭದ್ರವಾಗಿ ಹಾಕಿದರು.